46ರ ಮೀಸಿಯಲ್ ಕಡೆ 7 ಮಿ.ಮೀ ಪಾಕೆಟ್: ಫ್ಲ್ಯಾಪ್ ಪೂರ್ತಿ ಎತ್ತಬೇಕೋ, ಸಣ್ಣ ಕಿಂಡಿಯಾಗ ಮುಗಸಬೌದೋ?

ಗದಗ ದಂತ
ನಮಸ್ಕಾರ್ರಿ ಎಲ್ಲಾರಿಗೂ. ಒಂದು ಕೇಸ್ ಮುಂದಿಡ್ತೀನಿ, ಅಭಿಪ್ರಾಯ ಹೇಳ್ರಿ.

42 ವಯಸ್ಸಿನ ಗಂಡಸು. 46ರ (ಕೆಳಗಿನ ಬಲಗಡೆ ಮೊದಲನೇ ದವಡಿ ಹಲ್ಲು) ಮೀಸಿಯಲ್ ಕಡೆ (ಮುಂದಿನ 45ರ ಕಡೆ), ಕೆನ್ನಿ ಬದಿಗೆ 8 ಮಿ.ಮೀ ಪಾಕೆಟ್ (ವಸಡು ಹಲ್ಲಿನಿಂದ ಬಿಟ್ಟು ಆದ ಸಂದು) ಇತ್ತು. ಸ್ಕೇಲಿಂಗ್, ರೂಟ್ ಪ್ಲೇನಿಂಗ್ (ಹಲ್ಲು, ಬೇರು ಕೆರದು ಸ್ವಚ್ಛ ಮಾಡೋದು) ಆಗಿ 3 ತಿಂಗಳಾದ ಮ್ಯಾಲೂ 7 ಮಿ.ಮೀ ಉಳದದ, ಪ್ರೋಬ್ (ಆಳ ಅಳಿಯೋ ಕಡ್ಡಿ) ಹಾಕಿದ್ರ ರಕ್ತ ಬರತದ. ನಾಲಿಗಿ ಬದಿಗೆ 3 ಮಿ.ಮೀ ಅಷ್ಟ. ಎಕ್ಸ್‌ರೇದಾಗ ಬೇರಿನ ಗುಂಟ ಕಿರಿದಾಗಿ ಇಳಿದ ಗುಂಡಿ ಕಾಣತದ, ಎಲುಬಿನ ಅಂಚಿನಿಂದ ಸುಮಾರು 4 ಮಿ.ಮೀ ಆಳ. ಹಲ್ಲು ಅಳ್ಳಾಡಂಗಿಲ್ಲ, ಕೋಲ್ಡ್ ಟೆಸ್ಟಿಗೆ ಸರಿಯಾಗಿ ಸ್ಪಂದಿಸ್ತದ. ಫರ್ಕೇಶನ್ (ಬೇರು ಕವಲೊಡೆಯೋ ಕಡೆ ಎಲುಬು ಹೋಗಿರೋದು) ಇಲ್ಲ. 45, 46ರ ನಡುವಿನ ಪ್ಯಾಪಿಲ್ಲಾ (ಎರಡು ಹಲ್ಲಿನ ಸಂದಿಯ ವಸಡಿನ ತುದಿ) ಅಗಲ 2.5 ಮಿ.ಮೀ. ಸಕ್ಕರಿ ಕಾಯಿಲೆ ಅದ, ಮೂರು ತಿಂಗಳ ಸಕ್ಕರಿ ಸರಾಸರಿ ತೋರಿಸೋ ಎಚ್‌ಬಿಎ1ಸಿ 6.9.

ಇಂಥಾದ್ದಕ್ಕ 44ರಿಂದ 47ರ ತನಕ ಎರಡೂ ಬದಿ ಫ್ಲ್ಯಾಪ್ (ಕೊಯ್ದು ಬಿಡಿಸಿದ ವಸಡಿನ ಪದರು) ಎತ್ತೋದು ವಾಡಿಕಿ. ಅದನ್ನ ಬಿಟ್ಟು ಒಂದ ಪ್ಯಾಪಿಲ್ಲಾದ ಕೆನ್ನಿ ಬದಿಯಿಂದ ಒಳಗ ಹೋಗಿ ಎಂ-ಮಿಸ್ಟ್ (ಕಡಿಮಿ ಕೊಯ್ತದ ವಸಡಿನ ಸರ್ಜರಿ) ಮಾಡಬೌದಾ? 3.5 ಎಕ್ಸ್ ಲೂಪ್ಸ್ (ಅಷ್ಟು ಪಟ್ಟು ದೊಡ್ಡದಾಗಿ ತೋರಿಸೋ ಕನ್ನಡಕ) ಅದ, ಮೈಕ್ರೋಸ್ಕೋಪ್ ಇಲ್ಲ. ಬೋನ್ ಗ್ರಾಫ್ಟ್ (ಗುಂಡಿಗೆ ತುಂಬೋ ಎಲುಬಿನ ಕಾಳು) ಹಾಕಲೇಬೇಕಾ?

ರಾಣೇಬೆನ್ನೂರು ಕ್ಲಿನಿಕ್
ಕಣ್ಣಿಗೆ ಕಾಣದ್ದು ಕೈಗೆ ಹೆಂಗ ಸಿಗತೈತ್ರಿ? 7 ಮಿ.ಮೀ ಪಾಕೆಟಿನ ತಳದಾಗ ಕೂತ ಕ್ಯಾಲ್ಕುಲಸ್ (ಹಲ್ಲಿನ ಕಲ್ಲು) ತೆಗೀಬೇಕಂದ್ರ ಫ್ಲ್ಯಾಪ್ ಎತ್ತಿ ಬೆಳಕ ಬಿಟ್ಟು ನೋಡಬೇಕು. ಸಣ್ಣ ಕೊಯ್ತ ಅಂತ ಹೋಗಿ ಬೇರಿನ ಮ್ಯಾಲ ಕಲ್ಲು ಬಿಟ್ಟು ಬಂದ್ರ ಆರು ತಿಂಗಳಿಗೆ ಮತ್ತ ಅದ ಹಾಡು. ಓಪನ್ ಫ್ಲ್ಯಾಪ್ ಮಾಡ್ರಿ, ಗ್ರಾಫ್ಟ್ ತುಂಬ್ರಿ, ಮುಗೀತು.

ಕೇಶ್ವಾಪುರ ಪೆರಿಯೋ
ರಾಣೇಬೆನ್ನೂರು ಡಾಕ್ಟರ ಹೇಳಿದ್ರಾಗ ಅರ್ಧ ಖರೇ ಅದ. ಕಾಣಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಒಂದು ಗುಂಡಿ ಕಾಣಲಿಕ್ಕೆ ನಾಲ್ಕು ಹಲ್ಲಿನ ವಸಡು ಬಿಚ್ಚೋದು ಬರಿಗಣ್ಣಿಲೆ ಕೆಲಸ ಮಾಡೋ ಕಾಲದ ಪದ್ಧತಿ. ಈಗ ಲೂಪ್ಸ್ ಅವ, ನೆಟ್ಟಗ ಬೀಳೋ ತಲಿಬೆಳಕು ಅದ, ತುದಿ ಗಿಡ್ಡ ಇರೋ ಮಿನಿ ಕ್ಯೂರೆಟ್ (ಬೇರು ಕೆರಿಯೋ ಉಪಕರಣ) ಅವ.

ಈ ವಿಚಾರ ನಿನ್ನೆ ಮೊನ್ನಿದಲ್ಲ. ಹ್ಯಾರೆಲ್ ಮತ್ತು ರೀಸ್ 1995ರಾಗ ಕಡಿಮಿ ಕೊಯ್ತದ ಪೆರಿಯೋ (ವಸಡು, ಹಲ್ಲಿನ ಸುತ್ತಿನ ಎಲುಬಿನ) ಸರ್ಜರಿ ಬಗ್ಗೆ ಬರದ್ರು. ಕಾರ್ಟೆಲ್ಲಿನಿ ಮತ್ತು ಟೊನೆಟ್ಟಿ 2007ರಾಗ ಮಿಸ್ಟ್ ಕೊಟ್ರು, 2009ರಾಗ ಅದನ್ನ ಇನ್ನೂ ಬಿಗಿ ಮಾಡಿ ಎಂ-ಮಿಸ್ಟ್ ಅಂದ್ರು. ಮಿಸ್ಟ್‌ದಾಗ ಎರಡೂ ಬದಿ ಸ್ವಲ್ಪ ಎತ್ತತಾರ, ಪ್ಯಾಪಿಲ್ಲಾನೂ ಎಬ್ಬಿಸ್ತಾರ. ಎಂ-ಮಿಸ್ಟ್‌ದಾಗ ಕೆನ್ನಿ ಬದಿಗೆ ಒಂದು ಸಣ್ಣ ತ್ರಿಕೋನ ಕಿಂಡಿ ಅಷ್ಟ. ಪ್ಯಾಪಿಲ್ಲಾ ಬೇರಿಗೆ ಅಂಟಿದಾಂಗ ಇರತದ, ನಾಲಿಗಿ ಬದಿ ಮುಟ್ಟಂಗೇ ಇಲ್ಲ.

ಇದರ ಲಾಭ ಎಲ್ಲದ ಅಂದ್ರ, ಎಲುಬಿನ ಗುಂಡಿಯೊಳಗ ತುಂಬೋ ರಕ್ತ ಹೆಪ್ಪುಗಟ್ಟಿ ಅಲುಗದಾಂಗ ನಿಲ್ಲಬೇಕು. ಪ್ಯಾಪಿಲ್ಲಾನ ಎಬ್ಬಿಸದೇ ಇದ್ರ ಅದು ಗುಂಡಿ ಮ್ಯಾಲ ಚಪ್ಪರ ಇದ್ದಾಂಗ, ಕುಸಿಯಂಗಿಲ್ಲ, ಒಳಗಿನ ಜಾಗ ಉಳೀತದ. ದೊಡ್ಡ ಫ್ಲ್ಯಾಪ್ ಎತ್ತಿದಾಗ ಪ್ಯಾಪಿಲ್ಲಾ ರಕ್ತ ಕಳಕೊಂಡು, ವಾರದೊಳಗ ತುದಿ ಬಿಳುಚಿ, ನಡುವ ತೆರಕೊಂಡು, ಉಗುಳು, ಸೂಕ್ಷ್ಮಾಣು ಒಳಗ ಇಳೀತಾವ. ಆಮ್ಯಾಲ ಎಷ್ಟು ದುಬಾರಿ ಗ್ರಾಫ್ಟ್ ಹಾಕಿದ್ರೂ ಕಾಳು ಕಾಳಾಗಿ ಹೊರಗ ಬರತದ.

ಗದಗ ಡಾಕ್ಟರ, ನಿಮ್ಮ ಕೇಸು ನನ್ನ ದೃಷ್ಟಿಲೆ ಎಂ-ಮಿಸ್ಟಿಗೆ ಹೇಳಿ ಮಾಡಿಸಿದ್ದು. ನಾಲಿಗಿ ಬದಿ 3 ಮಿ.ಮೀ ಅನ್ನೋದ ದೊಡ್ಡ ಸುಳಿವು. ಆದ್ರ ಅರವಳಿಕೆ ಕೊಟ್ಟ ಮ್ಯಾಲ ಒಮ್ಮೆ ಪ್ರೋಬನ್ನ ಎಲುಬು ತಾಗೋ ತನಕ ಇಳಿಸಿ ಸುತ್ತಲೂ ತಡವಿ ನೋಡ್ರಿ. ಗುಂಡಿ ನಾಲಿಗಿ ಬದಿಗೆ ಸುತ್ತಿಕೊಂಡಿದ್ರ ಕೆನ್ನಿ ಬದಿ ಕಿಂಡಿಯಿಂದ ಆ ಮೂಲಿಗೆ ಕ್ಯೂರೆಟ್ ಮುಟ್ಟಂಗಿಲ್ಲ. ಅಂಥಾ ಹೊತ್ತಿನ್ಯಾಗ ಹಟ ಹಿಡೀದ ಮಿಸ್ಟಿಗೆ ಬದಲಾಯಿಸಿ ಪ್ಯಾಪಿಲ್ಲಾ ಎಬ್ಬಿಸ್ರಿ.

ರಾಣೇಬೆನ್ನೂರು ಕ್ಲಿನಿಕ್
ಅದನ್ನ ನಾನೂ ಹೇಳೂದು. ಕಡೀಗೆ ಬಿಚ್ಚೂದ ಆತಲ್ರಿ?

ಕೇಶ್ವಾಪುರ ಪೆರಿಯೋ
ಬಿಚ್ಚೋದು ಬೇಕಾದಾಗ, ಬೇಕಾದಷ್ಟ. 44ರಿಂದ 47ರ ತನಕ ಅಲ್ಲ, ಆ ಒಂದು ಪ್ಯಾಪಿಲ್ಲಾ ಅಷ್ಟ.

ಸತ್ತೂರ ಪಿಜಿ
ಹಂತಗಳನ್ನು ಬರೆಯುತ್ತೇನೆ, ತಪ್ಪಿದ್ದರೆ ಹಿರಿಯರು ತಿದ್ದಲಿ.

ಲಿಡೋಕೇನ್ ಶೇ 2, ಅಡ್ರಿನಲಿನ್ 1:80,000 ಇರುವುದು ಸಾಕು. ಬ್ಲಾಕ್ (ದವಡೆಯ ನರಕ್ಕೆ ಅರವಳಿಕೆ) ಕೊಟ್ಟು ಕೆನ್ನೆ ಬದಿಯ ಪಟ್ಟಿಯಲ್ಲಿ ಸ್ವಲ್ಪ ಬಿಡಿ. ಪ್ಯಾಪಿಲ್ಲಾದೊಳಗೆ ನೇರವಾಗಿ ಚುಚ್ಚಬೇಡಿ. ಅಷ್ಟು ಸಣ್ಣ ಜಾಗಕ್ಕೆ ಒತ್ತಡದಿಂದ ದ್ರವ ತುಂಬಿದರೆ ಟಿಶ್ಯೂ ಊದಿ ಹರಿಯುತ್ತದೆ, ಅಡ್ರಿನಲಿನ್‌ನಿಂದ ರಕ್ತವೂ ನಿಲ್ಲುತ್ತದೆ.

15ಸಿ ಬ್ಲೇಡ್ ದೊಡ್ಡದಾಯಿತು ಅನ್ನಿಸಿದರೆ ಮೈಕ್ರೋ ಬ್ಲೇಡ್ ಬಳಸಿ. 45 ಮತ್ತು 46ರ ಕೆನ್ನೆ ಬದಿಗೆ ಮಾತ್ರ ವಸಡಿನ ಅಂಚಿನೊಳಗೆ ಕೊಯ್ತ. ಎರಡನ್ನೂ ಪ್ಯಾಪಿಲ್ಲಾದ ಬುಡದಲ್ಲಿ ಓರೆ ಕೊಯ್ತದಿಂದ ಸೇರಿಸಿ. ಲಂಬ ಕೊಯ್ತ ಬೇಡ. ಎಲುಬಿನ ಅಂಚು 1-2 ಮಿ.ಮೀ ಕಾಣುವಷ್ಟು ಮಾತ್ರ ಫ್ಲ್ಯಾಪ್ ಎತ್ತಿ. ಬ್ಲೇಡನ್ನು ಪ್ಯಾಪಿಲ್ಲಾದ ಕೆಳಗೆ ತೂರಿಸಿ, ಗ್ರ್ಯಾನ್ಯುಲೇಶನ್ ಟಿಶ್ಯೂವನ್ನು (ಗುಂಡಿಯೊಳಗೆ ಬೆಳೆದ ಉರಿಯೂತದ ಮೆತ್ತನೆ ಮಾಂಸ) ಮೇಲಿನ ಪ್ಯಾಪಿಲ್ಲಾದಿಂದ ಬೇರ್ಪಡಿಸಿ, ಆಮೇಲೆ ಮಿನಿ ಕ್ಯೂರೆಟ್‌ನಿಂದ ಒಂದೇ ತುಂಡಾಗಿ ಎಳೆದು ತೆಗೆಯಿರಿ. ಕತ್ತರಿಸದೆ ಎಳೆದರೆ ಪ್ಯಾಪಿಲ್ಲಾವೂ ಜೊತೆಗೆ ಕಿತ್ತು ಬರುತ್ತದೆ. ನಂತರ ತೆಳು ತುದಿಯ ಅಲ್ಟ್ರಾಸಾನಿಕ್, ಕೊನೆಗೆ ಮತ್ತೆ ಕೈ ಕ್ಯೂರೆಟ್, ಸಲೈನ್.

ಕೇಶ್ವಾಪುರ ಪೆರಿಯೋ
ಛಲೋ ಬರದೀರಿ. ಒಂದು ತಿದ್ದುಪಡಿ: ಓರೆ ಕೊಯ್ತ ಪ್ಯಾಪಿಲ್ಲಾ ಅಗಲ 2 ಮಿ.ಮೀ ಅಥವಾ ಅದಕ್ಕಿಂತ ಕಡಿಮಿ ಇದ್ದಾಗ. ಇವರ ಕೇಸಿನ್ಯಾಗ 2.5 ಅದ, ಹಂಗಾಗಿ ಅಡ್ಡ ಕೊಯ್ತ, ಬುಡದಾಗ, ಒಳಮುಖಕ್ಕ ಸ್ವಲ್ಪ ಬೆವೆಲ್ (ಇಳಿಜಾರು) ಇಟ್ಟು. ಇದು ಬಾಯಿಪಾಠ ಮಾಡೋ ನಿಯಮ ಅಷ್ಟ ಅಲ್ಲ. ಅಗಲ ಪ್ಯಾಪಿಲ್ಲಾದಾಗ ಅಡ್ಡ ಕೊಯ್ದ್ರ ಎರಡೂ ಅಂಚು ದಪ್ಪಗ ಎದುರಾಬದುರಾ ಕೂಡ್ತಾವ, ಹೊಲಿಗಿ ಹಿಡೀತದ. ಇಕ್ಕಟ್ಟಿದ್ದಲ್ಲಿ ಓರೆ ಹೋದ್ರ ಕೊಯ್ತದ ಉದ್ದ ಹೆಚ್ಚಾಗಿ ಸೂಜಿಗೆ ಜಾಗ ಸಿಗತದ.

ಗದಗ ದಂತ
ಹೊಲಿಗಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ರಿ. 4-0 ಸಿಲ್ಕ್ ನಡೀತದೇನ್ರಿ?

ಕೇಶ್ವಾಪುರ ಪೆರಿಯೋ
ಸಿಲ್ಕ್ ಬ್ಯಾಡ್ರಿ. ಹೆಣದ ದಾರ ಅದು, ಉಗುಳು ಹೀರಿ ಪ್ಲಾಕ್ (ಸೂಕ್ಷ್ಮಾಣುಗಳ ಪದರು) ಹಿಡೀತದ. 6-0 ಪಾಲಿಪ್ರೊಪಿಲೀನ್ ಇಟಗೋರಿ, ಕೈ ಕುದುರಿದ ಮ್ಯಾಲ 7-0.

ಮಾಡಿಫೈಡ್ ಇಂಟರ್ನಲ್ ಮ್ಯಾಟ್ರೆಸ್ ಒಂದ ಹೊಲಿಗಿ ಸಾಕು. ಸೂಜಿ ಕೆನ್ನಿ ಬದಿ ಫ್ಲ್ಯಾಪಿನ ಹೊರಗಿಂದ ಒಳಗ ಹೋಗಬೇಕು, ಕೊಯ್ತದ ಅಂಚಿನಿಂದ ಸುಮಾರು 3 ಮಿ.ಮೀ ದೂರ, ಗಟ್ಟಿ ಕೆರಟಿನೈಸ್ಡ್ ವಸಡಿನ್ಯಾಗ. ಅಲ್ಲಿಂದ ಪ್ಯಾಪಿಲ್ಲಾದ ಕೆಳಗ ಹಾದು ನಾಲಿಗಿ ಬದಿ ಒಳಗಿಂದ ಹೊರಗ ಬರಲಿ. ಸ್ವಲ್ಪ ಪಕ್ಕಕ್ಕ ಸರದು ಅದ ದಾರೀಲೆ ವಾಪಸ್: ನಾಲಿಗಿ ಬದಿ ಹೊರಗಿಂದ ಒಳಗ, ಕೆನ್ನಿ ಬದಿ ಒಳಗಿಂದ ಹೊರಗ. ಈಗ ದಾರನ ಹಲ್ಲಿನ ಸಂದಿ ಮ್ಯಾಲಿಂದ ನಾಲಿಗಿ ಬದಿಗೆ ಒಯ್ದು, ಅಲ್ಲಿ ನಿಂತ ಕುಣಿಕಿಯೊಳಗ ಹಾಯಿಸಿ, ಮತ್ತ ಸಂದಿ ಮ್ಯಾಲಿಂದ ಕೆನ್ನಿ ಬದಿಗೆ ತಂದು ಗಂಟು ಹಾಕ್ರಿ. ಕೆಳಗಿನ ಎಳಿ ಎಳತ ತಡೀತದ, ಮ್ಯಾಲಿನ ಎಳಿ ಅಂಚು ಕೂಡಿಸ್ತದ.

ಗಂಟು ಹಾಕಿದ ಮ್ಯಾಲ ಪ್ಯಾಪಿಲ್ಲಾ ಬಣ್ಣ ನೋಡ್ರಿ. ಬೆಳ್ಳಗಾಗಿ ಹಂಗ ಉಳದ್ರ ಬಿಗಿ ಹೆಚ್ಚಾಗೇದ. ಬಿಚ್ಚಿ ಮತ್ತ ಹಾಕ್ರಿ. ಇದನ್ನ ಮಾತ್ರ ಬೇಸರ ಮಾಡಬ್ಯಾಡ್ರಿ, ಅಲ್ಲೀತನ ಮಾಡಿದ ಕೆಲಸ ಎಲ್ಲಾ ಈ ಒಂದು ಗಂಟಿನ ಮ್ಯಾಲ ನಿಂತಿರತದ.

ಹಾವೇರಿ ಚೇರ್‌ಸೈಡ್
ಸಕ್ಷನ್ ಹಿಡಿಯೋರಿಗೂ ಒಂದು ಮಾತು ಹೇಳ್ರಿ ಡಾಕ್ಟರ. ಸಾದಾ ದಪ್ಪ ಟಿಪ್ ಈ ಕಿಂಡಿ ಹತ್ತಿರ ತಂದ್ರ ಫ್ಲ್ಯಾಪನ್ನೇ ಒಳಗ ಎಳಕೋತದ. ತೆಳು ಸರ್ಜಿಕಲ್ ಟಿಪ್ ಬೇಕು, ಅದೂ ಗುಂಡಿ ಬಾಯಿ ಮ್ಯಾಲ ಅಲ್ಲ, ಪಕ್ಕದ ಹಲ್ಲಿನ ಹತ್ತಿರ. ಬೇರು ಸ್ವಚ್ಛ ಆದ ಮ್ಯಾಲ ಗುಂಡಿಯೊಳಗ ತುಂಬಿದ ರಕ್ತಕ್ಕ ಟಿಪ್ ಹಾಕಲೇಬಾರದು, ಅದ ಹೆಪ್ಪಾಗಬೇಕಲ್ಲ. 6-0 ದಾರಕ್ಕ ದೊಡ್ಡ ನೀಡಲ್ ಹೋಲ್ಡರ್ ಕೊಟ್ರ ಸೂಜಿ ಬಾಗತದ, ಕ್ಯಾಸ್ಟ್ರೊವಿಯೆಹೊ (ಸಣ್ಣ ಸೂಜಿಯ ನೀಡಲ್ ಹೋಲ್ಡರ್) ಟ್ರೇದಾಗ ಮೊದಲ ಇಟ್ಟಿರಬೇಕು.

ಮೂರೂವರೆ ಎಕ್ಸ್
ಲೂಪ್ಸ್ ಬಗ್ಗೆ: 3.5 ಎಕ್ಸ್ ಸಾಕಾಗುತ್ತದೆ, ಆದರೆ ಬೆಳಕು ಲೂಪ್ಸ್ ಮೇಲೇ ಕೂತಿರಬೇಕು. ಚೇರಿನ ದೀಪ ಓರೆಯಾಗಿ ಬಿದ್ದರೆ 7 ಮಿ.ಮೀ ಒಳಗೆ ಕತ್ತಲೆಯೇ. ಎಕ್ಸ್ ಹೆಚ್ಚಾದಷ್ಟೂ ನೋಟದ ವ್ಯಾಪ್ತಿ, ಆಳ ಎರಡೂ ಕುಗ್ಗುತ್ತವೆ. 2.5ರಿಂದ ಸೀದಾ 5ಕ್ಕೆ ಹಾರಿದವರು ತಲೆ ಒಂದಿಷ್ಟು ಅಲುಗಿದರೆ ಫೋಕಸ್ ಕಳೆದುಕೊಳ್ಳುತ್ತಾರೆ. ಕೊಳ್ಳುವಾಗ ವರ್ಕಿಂಗ್ ಡಿಸ್ಟೆನ್ಸ್ ನಿಮ್ಮ ಎತ್ತರ, ಕೂರುವ ಭಂಗಿಗೆ ಅಳೆಸಿಕೊಳ್ಳಿ. ಬೇರೆಯವರದು ಎರವಲು ಹಾಕಿದರೆ ಕುತ್ತಿಗೆ ನೋವು ಗ್ಯಾರಂಟಿ.

ನವನಗರ ಲೇಸರ್
ಇಷ್ಟೆಲ್ಲಾ ಯಾಕ್ರಿ? ಡಯೋಡ್ ಲೇಸರ್ ಪಾಕೆಟಿಗೆ ಹಾಕಿದ್ರ ಕೊಯ್ತನೂ ಬ್ಯಾಡ, ಹೊಲಿಗಿನೂ ಬ್ಯಾಡ. ರಕ್ತನೂ ಬರಂಗಿಲ್ಲ.

ಸತ್ತೂರ ಪಿಜಿ
ಸರ್, ಡಯೋಡ್ 810ರಿಂದ 980 ನ್ಯಾನೋಮೀಟರ್. ಅದು ಹಿಮೋಗ್ಲೋಬಿನ್, ಮೆಲನಿನ್ ಹೀರುವ ಬೆಳಕು, ಕ್ಯಾಲ್ಕುಲಸ್ ತೆಗೆಯುವ ಸಾಧನವೇ ಅಲ್ಲ. ಪಾಕೆಟಿನ ಗೋಡೆ ಒಣಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ನಮ್ಮ ಕಡೆಯವರ ವಸಡು ಕಪ್ಪು ಹೆಚ್ಚು, ಮೆಲನಿನ್ ಇದ್ದಷ್ಟೂ ಶಾಖ ಹೆಚ್ಚು. ಎಲುಬು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಹಾನಿ ಶುರುವಾಗುತ್ತದೆ ಎಂಬುದು 1983ರ ಎರಿಕ್ಸನ್, ಆಲ್ಬ್ರೆಕ್ಟ್‌ಸನ್ ಕೆಲಸದಿಂದಲೇ ಗೊತ್ತಿದೆ. ಕಿರಿದಾದ ಗುಂಡಿಯಲ್ಲಿ ಫೈಬರ್ ತುದಿ ಒಂದೇ ಕಡೆ ನಿಂತರೆ ಆ ಶಾಖ ದಾಟುವುದು ಕಷ್ಟವಲ್ಲ.

ನವನಗರ ಲೇಸರ್
ಅಮೆರಿಕದಾಗ ಲೇಸರಿಲೆ ಮಾಡೋ ಪೆರಿಯೋ ಚಿಕಿತ್ಸೆ ಲ್ಯಾನಾಪ್‌ಗೆ ಎಫ್‌ಡಿಎ (ಅಲ್ಲಿನ ಔಷಧಿ-ಉಪಕರಣ ನಿಯಂತ್ರಣ ಸಂಸ್ಥೆ) ಒಪ್ಪಿಗಿ ಅದ ಅಲ್ರಿ?

ಕೇಶ್ವಾಪುರ ಪೆರಿಯೋ
ಅದ. ಆದ್ರ ಲ್ಯಾನಾಪ್ ಅಂದ್ರ ಎನ್‌ಡಿ:ಯಾಗ್, 1064 ನ್ಯಾನೋಮೀಟರ್, ಪಲ್ಸ್ ಕೊಟ್ಟು ಮಾಡೋದು, ನಡುವ ಅಲ್ಟ್ರಾಸಾನಿಕ್‌ಲೆ ಬೇರು ಸ್ವಚ್ಛ ಮಾಡೋ ಹಂತನೂ ಅದರಾಗ ಸೇರಿದ್ದು. ಅದರ ಒಪ್ಪಿಗಿ ತೋರಿಸಿ ಡಯೋಡ್ ಮಾರೋದು ಸರಿಯಲ್ಲ. ಯುರೋಪಿನ ಪೆರಿಯೋ ಫೆಡರೇಶನ್ 2020ರ ಎಸ್3 ಮಾರ್ಗಸೂಚಿಯೊಳಗ ವಸಡಿನ ಕೆಳಗಿನ ಸ್ವಚ್ಛತಾ ಕೆಲಸಕ್ಕ ಲೇಸರನ್ನ ಜೋಡಿಸಬ್ಯಾಡ್ರಿ ಅಂತನ ಸೂಚಿಸೇದ. ವಸಡು ಹೆಚ್ಚು ಬೆಳದಿದ್ದನ್ನ ತೆಗೀಲಿಕ್ಕೆ, ಫ್ರೀನಂ (ತುಟಿ-ವಸಡು ಜೋಡಿಸೋ ಪೊರಿ) ಬಿಡಿಸಲಿಕ್ಕೆ ಡಯೋಡ್ ಚಂದ ಕೆಲಸ ಮಾಡತದ, ಅಲ್ಲಿ ಬಳಸ್ರಿ.

ಔಷಧಿ ಕಟ್ಟಿ
ವಸಡು ಬೆಳೆಯೋ ಮಾತು ಬಂತು ಅಂತ: ಅಮ್ಲೊಡಿಪಿನ್, ಫೆನಿಟೊಯಿನ್, ಸೈಕ್ಲೊಸ್ಪೊರಿನ್ ತಗೊಳ್ಳೋರ ಪಟ್ಟಿ ಮೊದಲ ಕೇಳ್ರಿ. ಲೇಸರಿಲೆ ತೆಗೆದ್ರೂ ಔಷಧಿ ಅದ ಮುಂದುವರದ್ರ, ಪ್ಲಾಕ್ ಹಂಗ ಇದ್ರ, ಮತ್ತ ಬೆಳೀತದ. ಬದಲಿ ಮಾತ್ರಿ ಬಗ್ಗೆ ಬಿಪಿ ನೋಡೋ ಡಾಕ್ಟರಿಗೆ ಚೀಟಿ ಬರೀರಿ, ಪೇಶಂಟ್ ಕೈಲೆ ತಾನ ನಿಲ್ಲಿಸೋಹಂಗ ಮಾಡಬ್ಯಾಡ್ರಿ. ಆಸ್ಪಿರಿನ್ 75 ಮಿ.ಗ್ರಾಂ ತಗೊಳ್ಳೋರಿಗೂ ಇದ ಮಾತು. ಸಣ್ಣ ಕೊಯ್ತಕ್ಕ ಅದನ್ನ ನಿಲ್ಲಿಸೋ ಕಾರಣ ಇಲ್ಲ, ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ಜೋಡಿ ತಗೊಳ್ಳೋರು ನಿಲ್ಲಿಸಿದ್ರಂತೂ ಜೀವಕ್ಕ ಅಪಾಯ. ಒದ್ದಿ ಗಾಜ್ ಒತ್ತಿ ಹಿಡದ್ರ ನಿಲ್ಲೋ ರಕ್ತ ಅದು.

ಗದಗ ದಂತ
ಗ್ರಾಫ್ಟ್ ಪ್ರಶ್ನೆ ಹಂಗ ಉಳೀತ್ರಿ. 4 ಮಿ.ಮೀ ಗುಂಡಿಗೆ ಏನಾರ ತುಂಬಬೇಕಲ್ಲ?

ಸತ್ತೂರ ಪಿಜಿ
ಕಾರ್ಟೆಲ್ಲಿನಿ ಮತ್ತು ಟೊನೆಟ್ಟಿ 2011ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. 45 ಜನ, ಮೂರು ಗುಂಪು: ಬರೀ ಎಂ-ಮಿಸ್ಟ್, ಎಂ-ಮಿಸ್ಟ್ ಜೊತೆ ಇನಾಮಲ್ ಮ್ಯಾಟ್ರಿಕ್ಸ್ ಪ್ರೋಟೀನ್ (ಬೇರಿಗೆ ಹಚ್ಚುವ ಜೆಲ್), ಅದರ ಜೊತೆ ಬೋನ್ ಮಿನರಲ್ (ಗ್ರಾಫ್ಟ್) ಕೂಡ. ಒಂದು ವರ್ಷಕ್ಕೆ ಮೂರರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ರಾಣೇಬೆನ್ನೂರು ಕ್ಲಿನಿಕ್
45 ಮಂದಿ ಅಂದ್ರ ಗುಂಪಿಗೆ 15. ಅಷ್ಟರಾಗ ಸಣ್ಣ ವ್ಯತ್ಯಾಸ ಇದ್ರೂ ಕಾಣಂಗಿಲ್ಲ. ‘ಕಾಣಲಿಲ್ಲ’ ಅಂದ್ರ ‘ಇಲ್ಲ’ ಅಂತ ಅಲ್ಲ. ಮತ್ತ ಅವರ ಕೈ ಬ್ಯಾರೆ, ಮೈಕ್ರೋಸ್ಕೋಪ್ ಬ್ಯಾರೆ.

ಕೇಶ್ವಾಪುರ ಪೆರಿಯೋ
ಈ ಮಾತು ಒಪ್ಪತೀನಿ. ಅದಕ್ಕ ಗುಂಡಿ ಆಕಾರ ನೋಡಿ ತೀರ್ಮಾನ ಮಾಡ್ರಿ. ಮೂರು ಗೋಡಿ ಉಳದ ಕಿರಿದಾದ ಗುಂಡಿ ಇದ್ರ ರಕ್ತದ ಹೆಪ್ಪು ತಾನ ನಿಲ್ಲತದ, ತುಂಬೋದು ಏನೂ ಬ್ಯಾಡ. ಎಕ್ಸ್‌ರೇದಾಗ ಬೇರಿಗೂ ಎಲುಬಿನ ಗೋಡಿಗೂ ನಡುವಿನ ಕೋನ ಅಳೀರಿ: 25 ಡಿಗ್ರಿ ಅಥವಾ ಒಳಗಿದ್ರ ಛಲೋ ತುಂಬಿ ಬರತದ, 37 ದಾಟಿದ್ರ ಫಲ ಕಡಿಮಿ. ಒಂದ ಗೋಡಿ ಉಳದು ಅಗಲ ಬಾಯಿ ತೆರಕೊಂಡಿದ್ರ ಫ್ಲ್ಯಾಪ್ ಒಳಗ ಕುಸೀತದ, ಅಲ್ಲಿ ಆಸರಿಗೆ ಗ್ರಾಫ್ಟ್ ಬೇಕು. ಅಂಥಾದ್ದಕ್ಕ ಎಂ-ಮಿಸ್ಟ್ ಮೊದಲಿನ ಆಯ್ಕೆನೂ ಅಲ್ಲ.

ಇನಾಮಲ್ ಮ್ಯಾಟ್ರಿಕ್ಸ್ ಹಾಕೋರು ಒಂದು ಲಕ್ಷ್ಯ ಇಡ್ರಿ: ಶೇ 24ರ ಇಡಿಟಿಎ ಜೆಲ್ 2 ನಿಮಿಷ ಬೇರಿಗೆ ಹಚ್ಚಿ, ಸಲೈನಿಲೆ ತೊಳದು, ಬೇರು ರಕ್ತದಿಂದ ತೊಯ್ಯೋಕಿಂತ ಮೊದಲ ಹಾಕಬೇಕು. ರಕ್ತ ಮೊದಲ ಹತ್ತಿದ್ರ ಪ್ರೋಟೀನ್ ಬೇರಿಗೆ ಅಂಟಂಗಿಲ್ಲ, ರೊಕ್ಕ ನೀರಾಗ ಹೋದಂಗ.

ಬ್ಯಾಡಗಿ ದಂತ
ಪಿಆರ್‌ಎಫ್ (ರಕ್ತ ತಿರುಗಿಸಿ ತಗದ ಫೈಬ್ರಿನ್ ಪದರು) ಹಾಕ್ರಿ, ಪೇಶಂಟಿನ ರಕ್ತನ ಆತು, ಖರ್ಚೂ ಇಲ್ಲ. 10 ಮಿ.ಲೀ ಟ್ಯೂಬು, 2700 ಆರ್‌ಪಿಎಂ, 12 ನಿಮಿಷ.

ಸತ್ತೂರ ಪಿಜಿ
ಆರ್‌ಪಿಎಂ ಒಂದನ್ನೇ ಹೇಳಿದರೆ ಸಾಲದು ಸರ್. ರೋಟರ್ ತ್ರಿಜ್ಯ ಬದಲಾದರೆ ಅದೇ 2700ಕ್ಕೆ ಬೇರೆ ಜಿ ಬಲ ಬೀಳುತ್ತದೆ. ಯಂತ್ರದ ಪುಸ್ತಕದಲ್ಲಿ ತ್ರಿಜ್ಯ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ಟ್ಯೂಬ್ ಹೆಪ್ಪುತಡೆ ರಾಸಾಯನಿಕ ಇಲ್ಲದ ಸಾದಾ ಗಾಜಿನದಾಗಿರಲಿ. ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ, ನೀಲಿಯದರಲ್ಲಿ ಸಿಟ್ರೇಟ್ ಇರುತ್ತದೆ, ಅವುಗಳಲ್ಲಿ ಎಷ್ಟು ತಿರುಗಿಸಿದರೂ ಫೈಬ್ರಿನ್ ಆಗುವುದಿಲ್ಲ. ರಕ್ತ ಎಳೆದ ಕೂಡಲೇ, ಒಂದೆರಡು ನಿಮಿಷದೊಳಗೆ ಯಂತ್ರಕ್ಕೆ ಹೋಗಬೇಕು. ತಡವಾದರೆ ಟ್ಯೂಬಿನಲ್ಲೇ ಚದುರಿ ಹೆಪ್ಪುಗಟ್ಟಿ ಮೂರು ಪದರ ಬೇರ್ಪಡುವುದಿಲ್ಲ. ಎದುರು ಬದಿಗೆ ಅಷ್ಟೇ ತೂಕದ ಟ್ಯೂಬ್ ಇಡಿ.

ಹಾವೇರಿ ಚೇರ್‌ಸೈಡ್
ಯಂತ್ರ ಯುಪಿಎಸ್‌ಗೆ ಜೋಡಿಸಿರ್ರಿ. ಬ್ಯಾಸಗ್ಯಾಗ ನಡುವ ಕರೆಂಟ್ ಹೋದ್ರ ಆ ಟ್ಯೂಬು ಕೆಟ್ಟಂಗ, ಪೇಶಂಟಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗತದ.

ಬ್ಯಾಡಗಿ ದಂತ
ಒಂದು ಮಾತು ಯಾರೂ ಕೇಳಲೇ ಇಲ್ಲ. ಗದಗ ಡಾಕ್ಟರ, ಪೇಶಂಟ್ ತಂಬಾಕು ತಿಂತಾನೇನ್ರಿ? ನಮ್ಮ ಕಡೆ ಬೀಡಿ-ಸಿಗರೇಟು ಅಷ್ಟ ಕೇಳಿದ್ರ ‘ಇಲ್ರೀ ಸಾಹೇಬ್ರ’ ಅಂತಾರ. ಗುಟಕಾ, ಎಲಿ-ಅಡಕಿ ಜೋಡಿ ತಂಬಾಕು, ಹೆಣ್ಣಮಕ್ಕಳಾದ್ರ ಮಿಶ್ರಿ ತಿಕ್ಕೋದು, ಒಂದೊಂದ ಹೆಸರು ಹಿಡದು ಕೇಳಬೇಕು. ಸವಣೂರ ಎಲಿ ಬರೇ ಸುಣ್ಣ-ಅಡಕಿ ಹಚ್ಚಿ ತಿನ್ನೋರಿಗೂ ಅಡಕಿಯಿಂದ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯೊಳಗಿನ ಚರ್ಮ ಬಿಗಿಯೋ ರೋಗ) ಬರತೈತಿ. ಬಾಯಿ ಎರಡು ಬೊಟ್ಟಿನಷ್ಟ ತೆರೀತಿದ್ರ 46ಕ್ಕ ಮೈಕ್ರೋ ಉಪಕರಣ ಸರಿಯಾದ ಕೋನದಾಗ ಹೋಗಂಗೇ ಇಲ್ಲ. ಕೆನ್ನಿ ಒಳಗಿನ ಚರ್ಮ ಹಗ್ಗದಾಂಗ ಬಿಗದಿದ್ರ ಫ್ಲ್ಯಾಪಿನ ಮ್ಯಾಲ ಎಳತನೂ ಬೀಳತೈತಿ.

ಗದಗ ದಂತ
ಗುಟಕಾ ಇತ್ತು, ಬಿಟ್ಟು ವರ್ಷ ಆತು ಅಂತಾನ್ರಿ. ಬಾಯಿ ಮೂರು ಬೊಟ್ಟು ತೆರೀತದ.

ಬ್ಯಾಡಗಿ ದಂತ
ಹಂಗಿದ್ರ ಪ್ಲಾಕ್ ಸ್ಕೋರು, ರಕ್ತದ ಸ್ಕೋರು ತಗೋರಿ. ಬಾಯಿ ಪೂರ್ತಿ ಲೆಕ್ಕ ಹಾಕಿ ಎರಡೂ ಶೇ 20-25ರ ಒಳಗ ಬರೋತನ ಬ್ಲೇಡ್ ಮುಟ್ಟಬ್ಯಾಡ್ರಿ. ಸಂದಿ ಬ್ರಷ್ ಹಿಡಿಯೋದು ಸರ್ಜರಿಗೆ ಮೊದಲ ಕಲ್ತಿರಬೇಕು. ಸರ್ಜರಿ ಆದ ಮ್ಯಾಲ ಕಲೀತೇನಿ ಅನ್ನೋ ಪೇಶಂಟ್ ಕಲಿಯಂಗಿಲ್ಲ.

ರಾಣೇಬೆನ್ನೂರು ಕ್ಲಿನಿಕ್
ಇದಕ್ಕ ನೂರಕ್ಕ ನೂರು ಒಪ್ಪಿಗಿ. ಇನ್ನೊಂದು, ಮೀಸಿಯಲ್ ಕಡೆ ಹಿಂಗ ಒಂದ ಹಲ್ಲಿಗೆ ಗುಂಡಿ ಬಿದ್ದೈತಿ ಅಂದ್ರ ಕಾರಣ ಹುಡಕ್ರಿ. 45ರಾಗ ಹೊರಗ ಚಾಚಿದ ಫಿಲ್ಲಿಂಗ್ ಐತೇನು? ಊಟ ಸಿಕ್ಕಿ ಕೂಡೋ ಸಡಿಲ ಕಾಂಟ್ಯಾಕ್ಟ್ ಐತೇನು? ಮ್ಯಾಲಿನ ಹಲ್ಲು ಜೋರ ಬಡಿತೈತೇನು? ಅದನ್ನ ಸರಿ ಮಾಡದ ಮಿಸ್ಟ್ ಮಾಡಿದ್ರೂ ಅಷ್ಟ, ಓಪನ್ ಫ್ಲ್ಯಾಪ್ ಮಾಡಿದ್ರೂ ಅಷ್ಟ.

ಗದಗ ದಂತ
45ರ ಡಿಸ್ಟಲ್‌ದಾಗ ಹಳೇ ಅಮಾಲ್ಗಮ್ ಅದ, ಅಂಚು ಸ್ವಲ್ಪ ಹೊರಗ ಬಂದದ.

ಕೇಶ್ವಾಪುರ ಪೆರಿಯೋ
ಅದ ನೋಡ್ರಿ ಸಿಕ್ಕಿತು. ಮೊದಲ ಅದನ್ನ ತೆಗದು ಹೊಸಾದು ಹಾಕ್ರಿ, ಮ್ಯಾಟ್ರಿಕ್ಸ್ ಬ್ಯಾಂಡ್ ಜೊತಿ ವೆಜ್ ತಪ್ಪದ ಇಟ್ಟು. 6ರಿಂದ 8 ವಾರ ಬಿಟ್ಟು ಮತ್ತ ಪ್ರೋಬ್ ಮಾಡ್ರಿ. 5 ಮಿ.ಮೀಗೆ ಇಳದ್ರ ಮತ್ತೊಮ್ಮೆ ಕ್ಯೂರೆಟ್ ಸಾಕು. 6 ಅಥವಾ ಮ್ಯಾಲ ಉಳದು ಗುಂಡಿ 3 ಮಿ.ಮೀ ಅಥವಾ ಹೆಚ್ಚು ಆಳ ಇದ್ರ ಸರ್ಜರಿ. ಇದು ನನ್ನ ಸ್ವಂತ ಲೆಕ್ಕ ಅಲ್ಲ, ಎಸ್3 ಮಾರ್ಗಸೂಚಿನೂ ಇದ ದಾರಿ ಹೇಳತದ.

ಮುಂಡರಗಿ ರಸ್ತೆ
ವಿಷಯ ಸ್ವಲ್ಪ ಆ ಕಡೆ ಹೋಗತದ, ಆದ್ರೂ ಕೇಳತೀನಿ. ವಸಡು ಕೆಳಗ ಸರದ ಕೇಸಿಗೆ ಪಿನ್‌ಹೋಲ್ ಅಂತ ಪೇಶಂಟ್ ಮಂದಿ ವಿಡಿಯೋ ನೋಡಿ ಬರಾಕ ಹತ್ಯಾರ. ವಿಸ್ಟಾಗೂ ಅದಕ್ಕೂ ಏನು ಫರಕು?

ಕೇಶ್ವಾಪುರ ಪೆರಿಯೋ
ಪಿನ್‌ಹೋಲ್ ಚಾವ್ 2012ರಾಗ ಪ್ರಕಟಿಸಿದ್ದು. ವಸಡಿನ ಆಚೆ ಬೇರಿನ ಕಡೆಯ ಮೆತ್ತನ ಚರ್ಮದಾಗ 2-3 ಮಿ.ಮೀ ತೂತು, ಅದಕ್ಕಂತನ ಮಾಡಿದ ಬಾಗಿದ ಉಪಕರಣದಿಂದ ವಸಡು ಬಿಡಿಸಿ ಹಲ್ಲಿನ ತುದಿ ಕಡೆ ಸರಿಸೋದು, ಪ್ಯಾಪಿಲ್ಲಾ ಕೆಳಗ ಕೊಲಾಜನ್ ಪಟ್ಟಿ ತುರುಕಿ ಹಿಡಿಸೋದು. ಹೊಲಿಗಿ ಇಲ್ಲ. ವಿಸ್ಟಾ ಝಾದೇ 2011ರಾಗ ಹೇಳಿದ್ದು: ವೆಸ್ಟಿಬ್ಯೂಲಿನ್ಯಾಗ (ತುಟಿ-ವಸಡಿನ ನಡುವಿನ ತಗ್ಗು) ಒಂದು ಲಂಬ ಕೊಯ್ತ, ಪೆರಿಯೋಸ್ಟಿಯಂ (ಎಲುಬಿನ ಮ್ಯಾಲಿನ ಪೊರಿ) ಕೆಳಗ ಸುರಂಗ, ಒಳಗ ಮೆಂಬ್ರೇನ್ ಅಥವಾ ಅಂಗುಳದಿಂದ ತಗದ ಕನೆಕ್ಟಿವ್ ಟಿಶ್ಯೂ, ಆಮ್ಯಾಲ ಹೊಲಿಗಿ ದಾರನ ಹಲ್ಲಿನ ಮುಖಕ್ಕ ಕಾಂಪೋಸಿಟ್‌ಲೆ ಅಂಟಿಸಿ ವಸಡನ್ನ 2-3 ವಾರ ಎಳದು ಹಿಡಿಯೋದು.

ಯಾವುದ ಮಾಡ್ರಿ, ಪ್ರೋಬನ್ನ ವಸಡಿನ ಸೆರಗಿನ್ಯಾಗ ಇಟ್ಟು ಹೊರಗಿಂದ ನೋಡ್ರಿ. ಕಪ್ಪಗ ಹಾಯ್ದು ಕಂಡ್ರ ವಸಡು 1 ಮಿ.ಮೀ ಅಥವಾ ಅದಕ್ಕಿಂತ ತೆಳು. ಅಂಥಾ ತೆಳು ವಸಡಿಗೆ ಕನೆಕ್ಟಿವ್ ಟಿಶ್ಯೂ ಇಡದ ಬರೇ ಸರಿಸಿದ್ರ ಕಾಲಾಂತರದಾಗ ಮತ್ತ ಸರಿಯೋ ಸಂಭವ ಜಾಸ್ತಿ. ಮತ್ತ ವಸಡು ಸರದದ್ದನ್ನ ವಿಂಗಡಿಸೋ ಕೈರೋ ವರ್ಗೀಕರಣದ ಆರ್‌ಟಿ3, ಅಂದ್ರ ಸಂದಿಯೊಳಗಿನ ಅಟ್ಯಾಚ್‌ಮೆಂಟ್ (ವಸಡು-ಬೇರಿನ ಅಂಟು) ಕೆನ್ನಿ ಬದಿಗಿಂತ ಹೆಚ್ಚು ಹೋದದ್ದು, ಅದಕ್ಕ ಪೂರ್ತಿ ಬೇರು ಮುಚ್ಚತದ ಅಂತ ಮಾತು ಕೊಡಬ್ಯಾಡ್ರಿ.

ಮುಂಡರಗಿ ರಸ್ತೆ
ಕಾಂಪೋಸಿಟ್ ಅಂಟಿಸೋದು ಅಂದ್ರಿ ನೋಡ್ರಿ, ಅಲ್ಲಿ ನಮ್ಮ ಕಡೆ ಒಂದು ತೊಡಕು ಅದ. ಮುಂಡರಗಿ ಸುತ್ತಮುತ್ತ ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಹೆಚ್ಚು, ಫ್ಲೋರೋಸಿಸ್ ಆದ ಇನಾಮಲ್ ಆಸಿಡ್ಡಿಗೆ ಜಗ್ಗಂಗಿಲ್ಲ. ಶೇ 37 ಫಾಸ್ಫಾರಿಕ್ ಆಸಿಡ್ ವಾಡಿಕಿ 15-30 ಸೆಕೆಂಡ್ ಇಟ್ರ ಬಾಂಡ್ ಸರಿಯಾಗಿ ಕೂಡಂಗಿಲ್ಲ, ಮೂರನೇ ದಿನಕ್ಕ ಕಾಂಪೋಸಿಟ್ ಗುಂಡು ದಾರ ಸಮೇತ ಕೈಗೆ ಬರತದ. ಮ್ಯಾಲಿನ ಪದರ ಪ್ಯೂಮಿಸ್‌ಲೆ ತಿಕ್ಕಿ, ಎಚಿಂಗ್ ಸಮಯ ದುಪ್ಪಟ್ಟು ಮಾಡಿದ್ರ ಹಿಡೀತದ. ಎಚ್ ಮಾಡೋಕಿಂತ ಮೊದಲ ವಸಡಿನ ರಕ್ತ ನಿಂತಿರಬೇಕು. ಅದಕ್ಕ ಕೊಯ್ಯೋಕಿಂತ ಮುಂಚೇನ ಹಲ್ಲಿನ ಮ್ಯಾಲ ಕಾಂಪೋಸಿಟ್ ಕೂಡಿಸಿ ಇಡೋದು ವಾಸಿ, ದಾರಕ್ಕ ಆಮ್ಯಾಲ ಸ್ವಲ್ಪ ಹರಿಯೋ ಕಾಂಪೋಸಿಟ್ ಹಾಕಿದ್ರ ಸಾಕು.

ಸತ್ತೂರ ಪಿಜಿ
ಅಂಗುಳದಿಂದ ಟಿಶ್ಯೂ ತೆಗೆಯುವವರು ಗ್ರೇಟರ್ ಪ್ಯಾಲಟೈನ್ ರಕ್ತನಾಳದ ದೂರ ನೆನಪಿಡಿ. ಅಂಗುಳ ಚಪ್ಪಟೆ ಇದ್ದರೆ ಹಲ್ಲಿನ ಕುತ್ತಿಗೆಯಿಂದ ಸುಮಾರು 7 ಮಿ.ಮೀ, ಸಾಧಾರಣ ಇದ್ದರೆ 12, ಎತ್ತರದ ಕಮಾನಿದ್ದರೆ 17. ಚಪ್ಪಟೆ ಅಂಗುಳದಲ್ಲಿ 8 ಮಿ.ಮೀ ಎತ್ತರದ ತುಂಡು ತೆಗೆಯಲು ಹೋಗುವುದೇ ರಕ್ತಸ್ರಾವಕ್ಕೆ ದಾರಿ.

ಗದಗ ದಂತ
ಮತ್ತ 46ಕ್ಕ ಬರ್ರಿ. ಸರ್ಜರಿ ಆದ ಮ್ಯಾಲ ಪೇಶಂಟಿಗೆ ಏನೇನು ಹೇಳಬೇಕು?

ಹಾವೇರಿ ಚೇರ್‌ಸೈಡ್
ಮುಂಜಾನೆ ಅಪಾಯಿಂಟ್‌ಮೆಂಟ್ ಕೊಡ್ರಿ. ಸಕ್ಕರಿ ಪೇಶಂಟ್ ನಾಷ್ಟಾ ಮಾಡಿ, ದಿನದ ಮಾತ್ರಿ ತಗೊಂಡ ಬರಬೇಕು. ಉಪವಾಸ ಬಂದು ಗ್ಲಿಮೆಪಿರೈಡ್ ತಗೊಂಡಿದ್ರ ಚೇರಿನ ಮ್ಯಾಲ ಸಕ್ಕರಿ ಇಳದು ಬೆವರತಾರ.

ಊಟಕ್ಕ ಮೊದಲನೇ ವಾರ ನುಚ್ಚು-ಮಜ್ಜಿಗಿ, ಮೆತ್ತನ ಅನ್ನ, ಆರಿದ ಸಾರು, ಎಲ್ಲಾ ಎಡಗಡೆಯಿಂದ. ಖಡಕ್ ರೊಟ್ಟಿ ಬ್ಯಾಡ ಅಂದ್ರ ಎಲ್ಲಾರೂ ಒಪ್ಪತಾರ. ಗಿರ್ಮಿಟ್ ಬ್ಯಾಡ ಅನ್ನೋದನ್ನ ಮಾತ್ರ ಬಾಯಿಬಿಟ್ಟು ಹೇಳಬೇಕು, ಚುರುಮುರಿ ಮೆತ್ತಗ ಅಂತ ತಿಂತಾರ, ಅದರ ಹೊಟ್ಟು ಸೀದಾ ಹೊಲಿಗಿ ಕೆಳಗ ಹೋಗತದ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿನೂ ಹಂಗ.

ಆ ಜಾಗಕ್ಕ ಬ್ರಷ್ ಬ್ಯಾಡ, 2-3 ವಾರ ಆದ ಮ್ಯಾಲ ಮೆತ್ತನ ಸರ್ಜಿಕಲ್ ಬ್ರಷ್. ಸಂದಿ ಬ್ರಷ್ ಇನ್ನೂ ತಡ, ಡಾಕ್ಟರು ಹೇಳಿದ ಮ್ಯಾಲ. ಉಳಿದ ಹಲ್ಲು ದಿನಾ ತಿಕ್ಕಲೇಬೇಕು, ಕೆಲವರು ಪೂರಾ ಬಾಯಿ ಬಿಟ್ಟುಬಿಡತಾರ.

ಔಷಧಿ ಕಟ್ಟಿ
ಕ್ಲೋರ್‌ಹೆಕ್ಸಿಡಿನ್ ಶೇ 0.2, 10 ಮಿ.ಲೀ, ಒಂದು ನಿಮಿಷ, ದಿನಕ್ಕ ಎರಡು ಸಲ. ಜೋರಾಗಿ ಮುಕ್ಕಳಿಸಬ್ಯಾಡ್ರಿ, ಬಾಯಾಗ ಇಟಗೊಂಡು ಹಿಡದು ಬಿಡೋದು. ಪೇಸ್ಟ್ ಹಚ್ಚಿ ತಿಕ್ಕಿದ ಮ್ಯಾಲ ಅರ್ಧ ತಾಸು ಬಿಡಬೇಕು, ಪೇಸ್ಟಿನ ಸೋಡಿಯಂ ಲಾರಿಲ್ ಸಲ್ಫೇಟ್ ಇದರ ಗುಣ ಕೆಡಸತದ. ಚಹಾ ಜೋಡಿ ಹಲ್ಲು ಕಂದು ಆಗತಾವ ಅಂತ ಮೊದಲ ಹೇಳಿರ್ರಿ, ಇಲ್ಲಂದ್ರ ಹೆದರಿ ನಡುವ ನಿಲ್ಲಿಸ್ತಾರ. ಡಾಕ್ಸಿಸೈಕ್ಲಿನ್ 100 ಬರದ್ರ ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರಿ ಜೋಡಿ ಬ್ಯಾಡ, ತುಂಬ ನೀರು ಕುಡದು ಅರ್ಧ ತಾಸು ಮಲಗಬಾರದು.

ಕೇಶ್ವಾಪುರ ಪೆರಿಯೋ
ಆಂಟಿಬಯೋಟಿಕ್ ಎಲ್ಲಾರಿಗೂ ರೂಢಿ ಅಂತ ಬರಿಯೋದನ್ನ ನಾನು ಒಪ್ಪಂಗಿಲ್ಲ. ಎಚ್‌ಬಿಎ1ಸಿ 6.9 ಇದ್ದವ, ಸಣ್ಣ ಕೊಯ್ತ, ಅಂಚು ಪೂರ್ತಿ ಮುಚ್ಚೇದ. ನೋವಿಗೆ ಕಿಡ್ನಿ, ಹೊಟ್ಟಿ ತೊಂದ್ರೆ ಇಲ್ಲಂದ್ರ ಐಬುಪ್ರೊಫೆನ್ 400, ಇದ್ರ ಪ್ಯಾರಾಸಿಟಮಾಲ್ ಸಾಕು. ಮೂರನೇ ದಿನದ ಮ್ಯಾಲೆ ನೋವು ಏರಿದ್ರ, ಬಾವು ಕಂಡ್ರ ಕರಸಿ ನೋಡಿ ಬರೀರಿ.

ರಾಣೇಬೆನ್ನೂರು ಕ್ಲಿನಿಕ್
ನಮ್ಮ ಕಡೆ ಪೇಶಂಟ್ ಹಳ್ಳಿಂದ ಎರಡು ಬಸ್ ಬದಲಿ ಮಾಡಿ ಬರ್ತಾರ್ರಿ. ಮೂರನೇ ದಿನ ಕರದ್ರ ಬರಂಗಿಲ್ಲ. ಅದಕ್ಕ ಬರೀತೀವಿ.

ಕೇಶ್ವಾಪುರ ಪೆರಿಯೋ
ಹಂಗಾದ್ರ ಫೋನ್ ಮಾಡಿಸ್ರಿ, ವಸಡಿನ ಫೋಟೋ ತರಿಸಿಕೊಳ್ರಿ. ಬರಲಾಗದ್ದಕ್ಕ ಔಷಧಿ ಬದಲಿ ಅಲ್ಲ.

ಗದಗ ದಂತ
ಹೊಲಿಗಿ ಯಾವಾಗ ತೆಗೀಬೇಕು? ಮತ್ತ ಪ್ರೋಬ್ ಯಾವಾಗ ಹಾಕಬೌದು?

ಸತ್ತೂರ ಪಿಜಿ
ಎಂ-ಮಿಸ್ಟ್‌ಗೆ ಒಂದು ವಾರಕ್ಕೆ ಹೊಲಿಗೆ ತೆಗೆಯುತ್ತಾರೆ. ತೆಗೆಯುವಾಗ ಗಂಟಿನ ಕೆಳಗೆ ವಸಡಿಗೆ ತಾಗಿದಲ್ಲೇ ಕತ್ತರಿಸಿ. ಬಾಯಲ್ಲಿ ತೆರೆದಿದ್ದ ದಾರದ ಭಾಗ ಗಾಯದೊಳಗೆ ಹಾದು ಬರಬಾರದು. ಪ್ರೋಬ್ 6 ತಿಂಗಳ ತನಕ ಬೇಡ. ಅಷ್ಟರೊಳಗೆ ಹಾಕಿದರೆ ಹೊಸದಾಗಿ ಅಂಟುತ್ತಿರುವುದನ್ನೇ ಹರಿದ ಹಾಗೆ. ಎಕ್ಸ್‌ರೇ 12 ತಿಂಗಳಿಗೆ, ಮೊದಲಿನ ಕೋನದಲ್ಲೇ. ಅದಕ್ಕೆ ಈಗಲೇ ಹೋಲ್ಡರ್ ಜೊತೆ ಬೈಟ್ ಬ್ಲಾಕ್ ಮಾಡಿ ಪೇಶಂಟ್ ಹೆಸರು ಹಾಕಿ ಇಟ್ಟುಕೊಳ್ಳಿ, ಕೋನ ಬದಲಾದರೆ ಎಲುಬು ತುಂಬಿದೆಯೋ ಇಲ್ಲವೋ ಹೇಳಲಿಕ್ಕಾಗದು.

ಗದಗ ದಂತ
ಧನ್ಯವಾದ್ರಿ. ಮೊದಲ 45ರ ಫಿಲ್ಲಿಂಗ್ ಬದಲಿ, ಸ್ಕೋರು, ಆಮ್ಯಾಲ ಮತ್ತ ಪ್ರೋಬಿಂಗ್. ನಾಲಿಗಿ ಬದಿಗೆ ಗುಂಡಿ ಸುತ್ತಿದ್ರ ಮಿಸ್ಟಿಗೆ ಹೋಗಬೇಕಾಗಬೌದು ಅಂತ ಒಪ್ಪಿಗಿ ಪತ್ರದಾಗ ಬರಸಿಕೊಳ್ಳತೀನಿ.

ರಾಣೇಬೆನ್ನೂರು ಕ್ಲಿನಿಕ್
ಬರಸಿಕೊಳ್ರಿ, ಕನ್ನಡದಾಗ ಬರಸ್ರಿ. ಮತ್ತ ಆ 6-0 ದಾರ ಎಲ್ಲಿ ಸಿಗತೈತಿ ಅದನ್ನೂ ಯಾರರ ಹೇಳ್ರಿ, ನಮ್ಮಲ್ಲಿ ಡೆಂಟಲ್ ಡೀಲರ್ ಹತ್ರ 4-0 ದಾಟಿ ಇಡಂಗಿಲ್ಲ.

ಔಷಧಿ ಕಟ್ಟಿ
ಡೆಂಟಲ್ ಡೀಲರ್ ಬಿಡ್ರಿ. ಪ್ಲಾಸ್ಟಿಕ್ ಸರ್ಜರಿ, ಕಣ್ಣಿನ ಆಸ್ಪತ್ರಿಗೆ ಪೂರೈಕೆ ಮಾಡೋ ಸರ್ಜಿಕಲ್ ಅಂಗಡ್ಯಾಗ ಕೇಳ್ರಿ, 6-0 ಪಾಲಿಪ್ರೊಪಿಲೀನ್ ಇರತದ. ಸೂಜಿ ರಿವರ್ಸ್ ಕಟಿಂಗ್, ಮೂರೆಂಟಾಂಶ ವೃತ್ತ, 11ರಿಂದ 13 ಮಿ.ಮೀ ಅಂತ ಹೇಳಿ ತಗೋರಿ. ರೌಂಡ್ ಬಾಡಿ ಕೊಟ್ರ ವಾಪಸ್ ಮಾಡ್ರಿ, ಗಟ್ಟಿ ವಸಡಿನ್ಯಾಗ ಅದು ಹಾಯಂಗಿಲ್ಲ.